ಸೋಮವಾರ ಹೂಡದ ಗಾಡಿ

ನಮ್ಮಲ್ಲಿ ಕಾಯ್ದೆ ಓದಿದವರಿಗಿಂತ ಕಾಯ್ದೆಯ ಹೆಸರು ಹೇಳುವವರು ಹೆಚ್ಚು. ನಾನು ಎರಡನೆಯ ಪಂಗಡದವನು. ಬೈಲಹೊಂಗಲದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗುಮಾಸ್ತಿಕೆ ಮಾಡಿದ್ದರಿಂದ, ಯಾರು ಏನು ಕೇಳಿದರೂ "ಅದು ನಿಯಮದಾಗ ಬರೂದಿಲ್ರಿ" ಎನ್ನುವುದು ನನಗೆ ಆಕಳಿಕೆಯಷ್ಟು ಸಹಜವಾಗಿ ಬರುತ್ತಿತ್ತು. ಯಾವ ನಿಯಮ, ಎಷ್ಟನೆಯ ಕಲಮು ಎಂದು ತಿರುಗಿ ಕೇಳುವವರು ಕಡಿಮೆ. ಕೇಳಿದರೆ "ಮ್ಯಾಲಿನವರನ್ನ ಕೇಳಬೇಕಾಗತೈತಿ" ಎಂಬ ಇನ್ನೊಂದು ಉತ್ತರ ಇದ್ದೇ ಇತ್ತು. ಕಚೇರಿಯಲ್ಲಿ ಇದರಿಂದ ಯಾರಿಗೆ ಎಷ್ಟು ತೊಂದರೆಯಾಯಿತೋ, ಆ ಲೆಕ್ಕ ನನ್ನ ಹತ್ತಿರ ಇಲ್ಲ. ನಾನು ಒಪ್ಪಿಕೊಳ್ಳಬೇಕೆಂದು ಕೂತಿರುವುದು ಬೇರೆಯದೇ ತಪ್ಪು. ಆ ಮಾತನ್ನು ನಾನು ಸಂಜೆ ಊಟದ ಡಬ್ಬಿಯ ಜೊತೆಗೆ ಮನೆಗೂ ತರುತ್ತಿದ್ದೆ.

ಮನೆಯಲ್ಲಿ ಅದಕ್ಕೆ ಗುರಿಯಾದವಳು ನನ್ನ ಹೆಂಡತಿ ಸುಶೀಲಾ. ಊರಿನಿಂದ ಒಂಬತ್ತು ಕಿಲೋಮೀಟರ್ ದೂರ, ಸಂಗೊಳ್ಳಿ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅವಳು ಶಿಕ್ಷಕಿ. ಬೆಳಿಗ್ಗೆ ನಾನು ನನ್ನ ಮೋಟರ್‌ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತಿದ್ದೆ. ಅಲ್ಲಿಂದ ಮುಂದೆ ಅವಳ ಪಾಡು ಅವಳಿಗೆ. ಆ ಹೊತ್ತಿಗೆ ಆ ದಿಕ್ಕಿಗೆ ಒಂದೇ ಬಸ್ಸು. ಅದು ಬಂದರೆ ತುಂಬಿರುತ್ತಿತ್ತು, ಬರದಿದ್ದರೆ ಯಾಕೆ ಬರಲಿಲ್ಲವೆಂದು ಹೇಳುವವರು ಇರುತ್ತಿರಲಿಲ್ಲ. ಒಂದು ಕೈಯಲ್ಲಿ ವ್ಯಾನಿಟಿ ಬ್ಯಾಗು, ಇನ್ನೊಂದರಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳ ಗಂಟು ಹಿಡಿದು, ಬಾಗಿಲಿನ ಮೆಟ್ಟಿಲ ಮೇಲೆ ಒಂದೇ ಕಾಲೂರಿ ಅವಳು ಎಷ್ಟೋ ವರ್ಷ ಓಡಾಡಿದಳು. "ಏನ್ರಿ, ನಾನೂ ಒಂದ ಗಾಡಿ ಕಲೀತೇನಿ" ಎಂದು ಮೊದಲ ಸಲ ಅಂದದ್ದು ತೊಂಬತ್ತರ ದಶಕದಲ್ಲಿ. ನಾನು ತಕ್ಷಣ ಹೇಳಿದೆ: "ಲೈಸನ್ಸ್ ಇಲ್ಲದನ ಗಾಡಿ ಹೊಡಿಯೂದು ನಿಯಮದಾಗ ಬರೂದಿಲ್ಲ."

ಲೈಸೆನ್ಸ್ ತೆಗೆಸೋಣ ಎಂದಳು. ಆಯಿತು, ಆ ಪ್ರಯತ್ನವನ್ನೂ ಮಾಡಿದ್ದೇವೆ ಎಂಬುದು ದಾಖಲೆಯಲ್ಲಿ ಇರಲಿ. ನನ್ನ ಸಹೋದ್ಯೋಗಿಯ ಮೊಪೆಡ್ ಕೇಳಿ ತಂದು ಹದಿನೈದು ದಿನ ಶಾಲೆಯ ಮೈದಾನದಲ್ಲಿ ಕಲಿಸಿದೆ. ಅವಳು ಚೆನ್ನಾಗಿಯೇ ಕಲಿತಳು. ಪರೀಕ್ಷೆಯ ದಿನ ಮೈದಾನದಲ್ಲಿ ಸುಣ್ಣದಿಂದ ದೊಡ್ಡ ಎಂಟರ ಅಂಕಿ ಬರೆದಿದ್ದರು. ಕಾಲು ಕೆಳಗೆ ಊರದೆ ಅದರ ಮೇಲೆ ಗಾಡಿ ತಿರುಗಿಸಬೇಕು. ಅರ್ಧ ಎಂಟು ಸರಿಯಾಗಿಯೇ ಮುಗಿಯಿತು. ಅಷ್ಟರಲ್ಲಿ ಹಗ್ಗದ ಆಚೆ ನಿಂತಿದ್ದ ನಾನು ಸುಮ್ಮನಿರಲಾರದೆ "ಎಡಕ್ಕ! ಎಡಕ್ಕ ತುಗೋ! ಬ್ರೇಕ್, ಬ್ರೇಕ್!" ಎಂದು ಕೂಗಿದೆ. ಗಂಡ ಏನೋ ಹೇಳುತ್ತಿದ್ದಾನೆಂದು ಅವಳು ನನ್ನತ್ತ ನೋಡಿದಳು. ಕಾಲು ಕೆಳಗೆ ಬಂತು. ಇನ್ಸ್‌ಪೆಕ್ಟರು "ಮುಂದಿನ ಸಲ ಬರ್ರಿ ಅಕ್ಕಾರ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಪರೀಕ್ಷಾ ಅವರದೋ ನಿಮ್ಮದೋ ಸರ?" ಎಂದು ಕೇಳಿದರು. ಮುಂದೆ ಹತ್ತು ವರ್ಷ ಈ ಕಥೆಯನ್ನು ನಾನು ಬಂದ ಬೀಗರಿಗೆಲ್ಲ ಹೇಳಿದ್ದೇನೆ. ಹೇಳುವಾಗ ಇನ್ಸ್‌ಪೆಕ್ಟರ ಆ ಕೊನೆಯ ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಮುಂದಿನ ಸಲ ಎನ್ನುವುದು ಬರಲೇ ಇಲ್ಲ, ಏಕೆಂದರೆ ಕರೆದುಕೊಂಡು ಹೋಗಬೇಕಾದವನು ನಾನು, ನನಗೆ ಪುರಸೊತ್ತು ಇರಲಿಲ್ಲ.

ಈ ನಡುವೆ ಪೆಟ್ರೋಲಿನ ದರ ಏರುತ್ತ ಹೋಯಿತು. ಬದಲಿ ಇಂಧನದ ಮಾತು ಪತ್ರಿಕೆಗಳಲ್ಲಿ ಬರತೊಡಗಿದ್ದು ಆಗಲೇ. ಈ ವಿಷಯದಲ್ಲಿ ನಮ್ಮ ಸೀಮೆ ಯಾರಿಗೂ ಹಿಂದೆ ಬಿದ್ದದ್ದಲ್ಲ. ಸರಕಾರ ಯೋಚನೆ ಮಾಡುವ ಮೊದಲೇ ನಮ್ಮ ಆಟೋದವರು ರೇಷನ್ನಿನ ಚಿಮಣಿ ಎಣ್ಣೆಯ ಮೇಲೆ ಗಾಡಿ ಓಡಿಸುತ್ತಿದ್ದರು. ಅಂಥ ಆಟೋ ಹತ್ತಿ ಇಳಿದರೆ ಮೈಯೆಲ್ಲ ಸ್ಟೋವಿನ ವಾಸನೆ. ಇನ್ನು ಬಾಡಿಗೆ ವ್ಯಾನುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಅಡಿಗೆಯ ಗ್ಯಾಸ್ ಸಿಲಿಂಡರು ಕಂಬಳಿ ಹೊದ್ದು ಮಲಗಿರುತ್ತಿತ್ತು. ನಾವು ಒಮ್ಮೆ ಸವದತ್ತಿಗೆ ಮದುವೆಗೆ ಹೋದಾಗ, ಸೀಟು ಸಾಲದೆ, ನಾನು ಆ ಕಂಬಳಿಯ ಮೇಲೆಯೇ ಕುಳಿತು ಹೋಗಿಬಂದೆ. ಗ್ಯಾಸಿನ ಮೇಲೆ ಗಾಡಿ ಓಡಿಸಬೇಕೆಂದರೆ ಅದಕ್ಕೇ ಆದ ಟಾಕಿ ಕೂಡಿಸಿ, ಅಪ್ಪಣೆ ಪಡೆದು, ಗಾಡಿಯ ನೋಂದಣಿ ಪುಸ್ತಕದಲ್ಲಿ ಬರೆಸಬೇಕು, ಅಡಿಗೆಮನೆಯ ಸಿಲಿಂಡರು ಹಾಕಿದರೆ ಗುನ್ಹೆ ಎಂಬುದು ನನಗೆ ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನ್ನ ಬಾಯಿಂದ ನಿಯಮದ ಮಾತು ಬರಲಿಲ್ಲ. ಮದುವೆಯ ಊಟದ ಹೊತ್ತು ಮೀರುತ್ತಿತ್ತು.

ಇನ್ನೊಮ್ಮೆ ರಾಮದುರ್ಗದ ಕೃಷಿ ಪ್ರದರ್ಶನದಲ್ಲಿ ಹೊಂಗೆ ಬೀಜ ಹಿಂಡಿ ಎಣ್ಣೆ ತೆಗೆಯುವ ಯಂತ್ರವನ್ನು ಇಟ್ಟಿದ್ದರು. ಬದುವಿನ ಮೇಲೆ ಹೊಂಗೆ ಹಚ್ಚಿರಿ, ನಿಮ್ಮ ಟ್ರ್ಯಾಕ್ಟರು ನಿಮ್ಮ ಗಿಡದ ಎಣ್ಣೆಯ ಮೇಲೆ ಓಡುತ್ತದೆ, ಸರಕಾರ ಸಸಿ ಕೊಡುತ್ತದೆ ಎಂದು ಒಬ್ಬ ಅಧಿಕಾರಿ ಉತ್ಸಾಹದಿಂದ ಹೇಳುತ್ತಿದ್ದ. ಮುಂದೆ ಕುಳಿತಿದ್ದ ಒಬ್ಬ ಮುದುಕ ಎದ್ದು, "ಸಾಹೇಬ್ರ, ಗಿಡಾ ಕಾಯಿ ಬಿಡೂಮಟ ಟ್ರ್ಯಾಕ್ಟರ್ ಎಲ್ಲೆ ನಿಂದ್ರಸೂಣು?" ಎಂದು ಕೇಳಿದ. ಅಧಿಕಾರಿ ಸ್ವಲ್ಪ ಯೋಚಿಸಿ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ. ನನಗೆ ಆತ ತೀರ ಹತ್ತಿರದ ಸಂಬಂಧಿಯಂತೆ ಕಂಡ.

ನಮ್ಮ ಮನೆಯ ಮಟ್ಟಿಗೆ ಈ ಬದಲಿ ಇಂಧನ ಬಂದದ್ದು ಪತ್ರಿಕೆಯ ಒಂದು ಜಾಹೀರಾತಿನ ರೂಪದಲ್ಲಿ. ಒಂದು ಬೆಳಿಗ್ಗೆ ನನ್ನ ಚಹದ ಕಪ್ಪಿನ ಕೆಳಗೆ ಅದನ್ನು ಕತ್ತರಿಸಿ ಇಟ್ಟಿದ್ದಳು ಸುಶೀಲಾ. ಕರೆಂಟಿನಿಂದ ಓಡುವ ಸ್ಕೂಟರು. ಪೆಟ್ರೋಲು ಬೇಡ, ನೋಂದಣಿ ಬೇಡ, ಲೈಸೆನ್ಸ್ ಬೇಡ. ಆ ಹೊತ್ತಿಗೆ ಅವಳಿಗೆ ಗಾಡಿಯ ಅಗತ್ಯ ಮೊದಲಿಗಿಂತ ಹೆಚ್ಚಾಗಿತ್ತು. ಅವಳ ಶಾಲೆಯ ಹೆಡ್‌ಮಾಸ್ತರರು ನಿವೃತ್ತರಾಗಿ, ಹೊಸಬರು ಬರುವತನಕ ಶಾಲೆಯ ಜವಾಬ್ದಾರಿ ಅವಳ ಮೇಲೆ ಬಿದ್ದಿತ್ತು. ಬೀಗದ ಕೈ ಅವಳ ಹತ್ತಿರ. ಅವಳು ತಡವಾದರೆ ಮಕ್ಕಳು ಬಿಸಿಲಲ್ಲಿ. ಅದೇ ಊರಲ್ಲಿ ಮನೆಯಿದ್ದ ಇನ್ನೊಬ್ಬ ಮಾಸ್ತರರು, "ಅಕ್ಕಾರಿಗೆ ಬಸ್ಸಿನ ತ್ರಾಸ ಐತಿ, ಚಾರ್ಜ್ ನನಗ ಕೊಡ್ರಿ" ಎಂದು ಇಲಾಖೆಯ ಸಾಹೇಬರ ಕಿವಿಗೆ ಹಾಕುತ್ತಲೇ ಇದ್ದರು. ಇಪ್ಪತ್ತೆರಡು ವರ್ಷ ಕಲಿಸಿದ ಮೇಲೆ ಮೊದಲ ಸಲ ಆ ಕುರ್ಚಿಯಲ್ಲಿ ಕುಳಿತಿದ್ದ ಹೆಂಗಸು ಅವಳು. ಒಂದು ಬಸ್ಸಿನ ಕಾರಣಕ್ಕೆ ಅದರಿಂದ ಏಳಲು ಅವಳಿಗೆ ಮನಸ್ಸಿರಲಿಲ್ಲ.

ಲೈಸೆನ್ಸ್ ಬೇಡ ಎಂಬುದು ನಂಬುವ ಮಾತೇ? ನಾನು ಕಚೇರಿಯ ಕಪಾಟಿನಿಂದ ಮೋಟಾರು ವಾಹನ ನಿಯಮಗಳ ಪುಸ್ತಕವನ್ನು ಧೂಳು ಕೊಡವಿ ತೆಗೆದೆ. ಜೀವನದಲ್ಲಿ ಮೊದಲ ಸಲ ಒಂದು ನಿಯಮವನ್ನು ಓದಲೆಂದೇ ಕುಳಿತೆ. ಉದ್ದೇಶ ಒಳ್ಳೆಯದಾಗಿರಲಿಲ್ಲ, ಅವಳ ಸ್ಕೂಟರನ್ನು ತಡೆಯುವ ಒಂದು ಸಾಲು ಸಿಕ್ಕರೆ ಸಾಕಿತ್ತು. ಸಿಕ್ಕದ್ದು ಬೇರೆ. ಮೋಟರಿನ ಶಕ್ತಿ ಇಷ್ಟಕ್ಕಿಂತ ಕಡಿಮೆ, ವೇಗ ತಾಸಿಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಕಡಿಮೆ ಇದ್ದರೆ, ಅಂಥ ಕರೆಂಟ್ ಗಾಡಿಯನ್ನು ಮೋಟಾರು ವಾಹನವೆಂದು ತಿಳಿಯತಕ್ಕದ್ದೇ ಅಲ್ಲವಂತೆ. ಅಂಗಡಿಯವನೂ ಅದನ್ನೇ ಹೇಳಿದ: "ಕಾಯ್ದೆ ಪ್ರಕಾರ ಇದು ಗಾಡೀನ ಅಲ್ರಿ ಸರ. ಗಾಡಿ ಅಲ್ಲಂದ ಮ್ಯಾಲೆ ನಂಬರ್ ಎಲ್ಲೀದು, ಟ್ಯಾಕ್ಸ್ ಎಲ್ಲೀದು?" ಎದುರಿಗೆ ನಿಂತ, ಎರಡು ಗಾಲಿಯ, ಹಾರ್ನು ಇರುವ, ಕೆಂಪು ಬಣ್ಣದ ಒಂದು ವಸ್ತುವನ್ನು ಗಾಡಿಯಲ್ಲ ಎಂದು ಹೇಳಬೇಕಾದರೆ ಕಾಯ್ದೆಗೆ ಎಷ್ಟು ಧೈರ್ಯ ಬೇಕು! ಆದರೂ ನಾನು ಸೋತಿದ್ದೆ. ಅವಳು ತನ್ನ ಪಗಾರದಲ್ಲಿ ಅದನ್ನು ಕೊಂಡಳು, ಎರಡು ದಿನ ಓಣಿಯಲ್ಲಿ ತಿರುಗಿಸಿದಳು, ಮೂರನೆಯ ದಿನ ಶಾಲೆಗೆ ಹೊರಟೇಬಿಟ್ಟಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಖುಷಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಕೂಡಿಸಿಕೊಂಡು ಹೋಗುವ ಕೆಲಸವೊಂದು ನನ್ನ ಕೈತಪ್ಪಿತ್ತು. ಅದು ಕೆಲಸವಾಗಿದ್ದಾಗ ಗೊಣಗಿದ್ದೆ, ತಪ್ಪಿದ ದಿನ ಮೋಟರ್‌ಸೈಕಲ್ಲಿನ ಹಿಂದಿನ ಸೀಟನ್ನು ಎರಡು ಸಲ ಒರೆಸಿದೆ.

ಇನ್ನು ನನ್ನ ಅವ್ವನ ಬಗ್ಗೆ ಹೇಳಬೇಕು. ಅವ್ವನ ತವರು ಮುನವಳ್ಳಿ. ಎಂಬತ್ತರ ಹತ್ತಿರದ ವಯಸ್ಸು, ಎಂಟು ಎತ್ತಿನ ಕಮತದ ಮನೆಯಲ್ಲಿ ಹುಟ್ಟಿ, ಅಷ್ಟೇ ಎತ್ತಿನ ಮನೆಗೆ ಸೊಸೆಯಾಗಿ ಬಂದವಳು. ಈಗ ಪೇಟೆಯಲ್ಲಿ ನಮ್ಮೊಂದಿಗೆ ಇದ್ದರೂ ಅವಳ ವ್ಯವಹಾರ ಜ್ಞಾನವೆಲ್ಲ ಎತ್ತುಗಳಿಂದಲೇ ಬಂದದ್ದು. ಅವಳು ಸ್ಕೂಟರಿನ ಸುತ್ತ ಎರಡು ಸಲ ತಿರುಗಿ ವಿಚಾರಣೆ ಮಾಡಿದಳು. "ಇದಕ್ಕ ನಂಬರ್ ಇಲ್ಲೇನು?" ಇಲ್ಲ. "ಹೊಡಿಯಾಕ ಲೈಸನ್ಸ್?" ಬೇಡ. "ಹೊಗಿ, ಸಪ್ಪಳ?" ಇಲ್ಲ. "ಮತ್ತ ಹೊಟ್ಟಿಗೆ?" ಮನೆಗೆ ಬಂದ ಮೇಲೆ ಗೋಡೆಯ ಪ್ಲಗ್ಗಿಗೆ ವಾಯರು ಹಚ್ಚಿದರೆ ತಾನೇ ತುಂಬಿಕೊಳ್ಳುತ್ತದೆ ಎಂದಳು ಸುಶೀಲಾ. ಅವ್ವ ತಲೆಯಾಡಿಸಿದಳು. ಚಕ್ಕಡಿಗೂ ನಂಬರು ಇಲ್ಲ, ಹೊಡೆಯಲು ಲೈಸೆನ್ಸ್ ಬೇಡ, ಎತ್ತು ಸಂಜೆ ಮನೆಗೆ ಬಂದು ಗ್ವಾದಲಿಯಲ್ಲಿ ಮೇಯುತ್ತದೆ. ಅವಳ ತೀರ್ಪು ಒಂದೇ ಮಾತಿನಲ್ಲಿ ಬಂತು: "ಸರಕಾರದವರು ಇದನ್ನ ಎತ್ತಿನ ಸಾಲಿನ್ಯಾಗ ನಿಂದ್ರಿಸ್ಯಾರ."

ಅಂದಿನಿಂದ ಆ ಸ್ಕೂಟರಿನ ಆರೈಕೆ ಅವ್ವನ ಪಾಲಿಗೆ ಹೋಯಿತು. ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕಾದು ಕುಳಿತು, ಬಂದ ಕೂಡಲೇ ವಾಯರು ಹಚ್ಚಿಸುವಳು. ಲೋಡ್ ಶೆಡ್ಡಿಂಗಿನ ದಿನ "ಪಾಪ, ಇವತ್ತ ಅರೆಹೊಟ್ಟಿ" ಎಂದು ಅದರ ಸೀಟನ್ನು ಸವರುವಳು. ಸಪ್ಪಳವಿಲ್ಲದ ಗಾಡಿಯಾದ್ದರಿಂದ ಹಿಂದೆ ಬಂದದ್ದು ತಿಳಿಯದೆ ಹಳ್ಳಿಯ ದಾರಿಯಲ್ಲಿ ಜನ ಗಾಬರಿಯಾಗುತ್ತಾರೆ ಎಂದು ಸುಶೀಲಾ ಹೇಳಿದ್ದಕ್ಕೆ, ಟ್ರಂಕಿನೊಳಗಿಂದ ಹಳೆಯ ಗೆಜ್ಜೆಸರ ತೆಗೆದು ಹ್ಯಾಂಡಲ್ಲಿಗೆ ಕಟ್ಟಿದಳು. ಈ ಉಪಾಯ ನಿಜಕ್ಕೂ ಉಪಯೋಗವಾಯಿತು. ಇಲ್ಲಿಯವರೆಗೆ ಯಾರಿಗೂ ಏನೂ ಅಡ್ಡಿ ಇರಲಿಲ್ಲ.

ಅಡ್ಡಿ ಬಂದದ್ದು ಮೊದಲ ಸೋಮವಾರ. ಸುಶೀಲಾ ತಯಾರಾಗಿ ಹೊರಗೆ ಬಂದರೆ ಅವ್ವ ಸ್ಕೂಟರಿನ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಾಳೆ. ಸ್ಕೂಟರಿನ ಹಣೆಗೆ ವಿಭೂತಿ, ಮೇಲೆ ಎರಡು ಹೂವು. ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎಂಥ ಸುಗ್ಗಿಯಿರಲಿ, ಎಂಥ ಹದವಿರಲಿ, ಅಂದು ನೊಗಕ್ಕೆ ಕೈ ಹಚ್ಚುವ ಮಾತಿಲ್ಲ. ಮೈ ತೊಳೆದು, ಮೇವು ಹಾಕಿ, ನೆರಳಿಗೆ ಕಟ್ಟುತ್ತಾರೆ. "ಇವತ್ತ ಇದನ್ನ ಹೂಡಬ್ಯಾಡ ಸುಶೀಲವ್ವಾ," ಎಂದಳು ಅವ್ವ. "ಆರ ದಿನ ದುಡದೈತಿ. ಒಂದ ದಿನ ನಿಂದ್ರಲಿ." ಸುಶೀಲಾ ನನ್ನ ಮುಖ ನೋಡಿದಳು. ಇದು ಎತ್ತಲ್ಲವೆಂದು ಹೇಳಲು ಎರಡು ಮಾತು ಸಾಕಿತ್ತು. ಅವ್ವ ಹಟಮಾರಿಯಲ್ಲ, ನಾನು ಹೇಳಿದ್ದರೆ ಕೇಳುತ್ತಿದ್ದಳು. ನಾನು ಹೇಳಿದ್ದು ಇಷ್ಟು: "ಅವ್ವನ ಮಾತಿನ್ಯಾಗೂ ಖರೇ ಐತಿ. ಕಾಯ್ದೇನ ಇದು ಮೋಟಾರ್ ಗಾಡಿ ಅಲ್ಲ ಅಂತೈತಿ. ವಾರಕ್ಕ ಒಂದ ದಿನದ ಮಾತು, ನಾ ಬಿಡತೇನಿ ಬಾ."

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಬಸ್ ಸ್ಟ್ಯಾಂಡಿನ ಆಚೆ ಒಂದು ದಿನವೂ ಬಿಡದಿದ್ದವನು, ಪ್ರತಿ ಸೋಮವಾರ ಕಚೇರಿಗೆ ಒಂದು ತಾಸು ತಡವಾಗಿ ಬರುವ ಅಪ್ಪಣೆ ಪಡೆದು, ಅವಳನ್ನು ಶಾಲೆಯ ಬಾಗಿಲತನಕ ಬಿಟ್ಟುಬರತೊಡಗಿದೆ. ಮೊದಲು ಕಾಯ್ದೆಯ ಬೆನ್ನಿಗೆ ನಿಂತಿದ್ದೆ, ಅದು ಕೈಕೊಟ್ಟ ಮೇಲೆ ಅವ್ವನ ಭಕ್ತಿಯ ಬೆನ್ನಿಗೆ ನಿಂತೆ. ಎದುರಿಗೆ ಇದ್ದವಳು ಎರಡು ಸಲವೂ ಸುಶೀಲಾಳೇ. ಅವಳು ಅತ್ತೆಯ ಮನಸ್ಸು ನೋಯಿಸಬಾರದೆಂದು ಸುಮ್ಮನೆ ಹಿಂದೆ ಕುಳಿತಳು. ಅವಳ ಆ ಸುಮ್ಮನಿರುವಿಕೆಯನ್ನು ನಾನು ಒಪ್ಪಿಗೆ ಎಂದು ನಮೂದಿಸಿಕೊಂಡೆ.

ಹೀಗೆ ಏಳೆಂಟು ಸೋಮವಾರ ನಡೆಯಿತು. ಆಮೇಲಿನ ಒಂದು ಸೋಮವಾರ ಊರ ಹೊರಗಿನ ಕ್ರಾಸಿನಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಕಾಗದ ನೋಡುತ್ತಿದ್ದರು. ಬೇರೆಯವರು ಹೊಲದ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತಿದ್ದರೆ ನಾನು ನಾನಾಗಿಯೇ ಹೋಗಿ ನಿಂತೆ. ಕಾಗದಪತ್ರ ಸರಿಯಿಟ್ಟುಕೊಂಡವನಿಗೆ ಸಿಗುವ ಗೌರವ ಹೆಂಡತಿಯ ಎದುರಿಗೆ ಸಿಗುವುದಾದರೆ ಯಾಕೆ ಬಿಡಬೇಕು? ಕಿಸೆಯಿಂದ ಲೈಸೆನ್ಸ್ ತೆಗೆದು ಕೊಟ್ಟೆ. ಹವಾಲ್ದಾರರು ಅದನ್ನು ದೂರ ಹಿಡಿದು ಒಮ್ಮೆ, ಹತ್ತಿರ ಹಿಡಿದು ಒಮ್ಮೆ ನೋಡಿದರು. "ಸರ, ನಿಮಗ ಐವತ್ತು ತುಂಬಿದ ದಿವಸಕ್ಕ ಇದು ಮುಗದೈತ್ರಿ. ಎರಡ ವರ್ಷ ಆತು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ತಾರೀಖು ತೋರಿಸಿದರು. ಹೌದು, ಅಲ್ಲೇ ಇತ್ತು. ಇಷ್ಟು ವರ್ಷ ಕಿಸೆಯಲ್ಲೇ ಇತ್ತು.

ದಂಡ ಕಟ್ಟಿ, ಕೈಮುಗಿದು, "ಇವರನ್ನ ಸಾಲಿಗೆ ಬಿಟ್ಟು ಬರತೇನ್ರಿ" ಎಂದಿದ್ದರೆ ಅವರು ಬಿಡುತ್ತಿದ್ದರೇನೋ. ಒಳ್ಳೆಯ ಮನುಷ್ಯರಂತೆಯೇ ಕಾಣುತ್ತಿದ್ದರು. ಆದರೆ ನಾನು ಗುಮಾಸ್ತ. ಅವಧಿ ಮುಗಿಯುವ ಮೊದಲು ಇಲಾಖೆ ನೋಟೀಸು ಕೊಡಬೇಕಲ್ಲವೇ, ಯಾವ ಕಲಮಿನ ಪ್ರಕಾರ ಗಾಡಿ ನಿಲ್ಲಿಸುತ್ತೀರಿ ಎಂದು ವಾದಕ್ಕೆ ನಿಂತೆ. "ಕಲಮು ಠಾಣೇಕ ಬಂದ್ರ ಹೇಳತೇವ್ರಿ" ಎಂದರು ಅವರು. ವಾದ ಅರ್ಧ ತಾಸು ನಡೆಯಿತು. ಸುಶೀಲಾ ಎರಡು ಸಲ "ಏನ್ರಿ, ಸಾಕ ಮಾಡ್ರಿ, ಕೀಲಿಕೈ ನನ್ನ ಕಡೆ ಐತಿ" ಎಂದಳು. ನಾನು ಕೈ ಸನ್ನೆಯಿಂದ ಸುಮ್ಮನಿರಲು ಹೇಳಿದೆ. ಮೂರನೆಯ ಸಲ ನಾನು ತಿರುಗಿ ನೋಡಿದಾಗ ಅವಳು ಅಲ್ಲಿರಲಿಲ್ಲ. ಕಬ್ಬಿನ ಕಡೆ ಹೊರಟಿದ್ದ ಒಂದು ಖಾಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಸರಳು ಹಿಡಿದು ನಿಂತು ಹೋಗುತ್ತಿದ್ದಳು.

ಆ ದಿನವೇ ಇಲಾಖೆಯ ಸಾಹೇಬರು ಶಾಲೆಗೆ ಭೇಟಿ ಕೊಟ್ಟಿದ್ದರು. ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ಬಿಸಿಲಿನಲ್ಲಿ ಸಾಲಾಗಿ ನಿಂತು ಪ್ರಾರ್ಥನೆ ಮಾಡುತ್ತಿದ್ದರಂತೆ. ಸಾಹೇಬರು ಎಲ್ಲರ ಎದುರಿಗೇ, ಇನ್ನೊಂದು ಸಲ ಹೀಗಾದರೆ ಚಾರ್ಜು ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿ, ತಡವಾದದ್ದಕ್ಕೆ ಕಾರಣವನ್ನು ಬರೆದು ಕೊಡಲು ಕೇಳಿದರಂತೆ. ಸಂಜೆ ಅವಳು ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದುದನ್ನು ನಾನು ಪಡಸಾಲೆಯಲ್ಲಿ ಕುಳಿತು ಕೇಳಿಸಿಕೊಂಡೆ. ನನಗೆಂದು ಹೇಳಲಿಲ್ಲ. ಕೊನೆಗೆ ನಾನೇ ಒಳಗೆ ಹೋಗಿ, "ಕಾರಣ ಏನಂತ ಬರದಿ?" ಎಂದು ಕೇಳಿದೆ. "ಮನೀ ಅಡಚಣಿ ಅಂತ ಬರದೇನ್ರಿ" ಎಂದಳು. ಅವಳು ನನ್ನ ಹೆಸರು ಬರೆದಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ.

ಅವ್ವ ಆಗ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುಶೀಲಾ ಅವಳ ಪಕ್ಕದಲ್ಲಿ ಕುಳಿತು, ತಾನೂ ಒಂದು ಹಿಡಿ ಜೋಳ ತೆಗೆದುಕೊಂಡು ಕಲ್ಲು ಆರಿಸುತ್ತ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು: "ಅತ್ತಿ, ಸೋಮವಾರ ಎತ್ತಿಗೆ ಸೂಟಿ ಇರತಿತ್ತಲ್ಲರಿ. ನಿಮಗ ಯಾವ ವಾರ ಇರತಿತ್ತರಿ?"

ಅವ್ವನ ಕೈ ನಿಂತಿತು. ಅವಳು ನನ್ನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು, ಮತ್ತೆ ಜೋಳ ಕೇರತೊಡಗಿದಳು. ಆ ವಾರದಲ್ಲೇ ಒಂದು ದಿನ, ಚಹ ಕುಡಿಯುತ್ತ, ಯಾರೂ ಕೇಳದಿದ್ದರೂ ಹೇಳಿದಳು: "ಸೋಮವಾರ ಎತ್ತು ಮನ್ಯಾಗ ಇರತಿದ್ದೂ. ಗಂಡಸರೂ ಮನ್ಯಾಗ ಇರತಿದ್ರು. ಅವತ್ತ ರೊಟ್ಟಿ ಬಡಿಯೂದು ಇನ್ನಾ ಹೆಚ್ಚ ಇರತಿತ್ತವಾ."

ಮುಂದಿನ ಸೋಮವಾರ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವ್ವ ಸ್ಕೂಟರಿನ ವಾಯರು ಪ್ಲಗ್ಗಿನಿಂದ ತೆಗೆದು ಸುತ್ತಿಟ್ಟಿದ್ದಳು. ಹಣೆಗೆ ವಿಭೂತಿ ಎಂದಿನಂತೆ ಇತ್ತು, ಮಣೆ ಮಾತ್ರ ಗೋಡೆಗೆ ಒರಗಿತ್ತು. "ಹೋಗವಾ, ಹುಡುಗೂರು ಬಿಸಿಲಾಗ ನಿಂತಾವು" ಎಂದು ಸೊಸೆಯನ್ನು ಕಳಿಸಿದಳು. "ಬಸವಣ್ಣ ಏನರ ಅಂದ್ರ ನಾ ಮಾತಾಡತೇನಿ." ಸುಶೀಲಾ ಅತ್ತೆಯ ಕಾಲು ಮುಟ್ಟಿ ಹೊರಟಳು. ಆ ವರ್ಷ ಹೊಸ ಹೆಡ್‌ಮಾಸ್ತರರು ಬರುವವರೆಗೂ ಕುರ್ಚಿಯೂ ಬೀಗದ ಕೈಯೂ ಅವಳ ಹತ್ತಿರವೇ ಉಳಿದವು.

ನಾನು ಮುಖ ತೊಳೆದು ಎಂದಿನಂತೆ ತಾಟಿನ ಮುಂದೆ ಕುಳಿತೆ. ತಾಟು ಖಾಲಿ ಇತ್ತು. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳವೂ ಇರಲಿಲ್ಲ. ಅವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಆರಾಮಾಗಿ ಕುಳಿತಿದ್ದಳು. "ರೊಟ್ಟಿ?" ಎಂದೆ. "ಬಸವಣ್ಣನ ವಾರ ತಪ್ಪಸಾಕ ಬರೂದಿಲ್ಲಪಾ," ಎಂದಳು ಅವ್ವ. "ಒಬ್ಬರರ ನೊಗಾ ಇಳಿಸಬೇಕು. ಇವತ್ತಿನಿಂದ ಸೋಮವಾರ ನನಗೂ ಸುಶೀಲವ್ವಗೂ ಒಲಿ ಸೂಟಿ. ಹಿಟ್ಟು ಡಬ್ಬ್ಯಾಗ ಐತಿ, ನೀರ ಕಾಯಾಕ ಇಡು." ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದೆ. "ಲೈಸನ್ಸ್ ಮುಗದಿದ್ರೂ ಎರಡ ವರ್ಷ ಗಾಡಿ ಹೊಡದಿ," ಎಂದಳು. "ಒಲಿ ಮುಂದ ನಿಂದ್ರಾಕ ಯಾ ಸರಕಾರದ ಲೈಸನ್ಸೂ ಬ್ಯಾಡ. ಹೋಗು."

ಒಲೆಯ ಮುಂದೆ ನಿಂತಾಗ ನನ್ನನ್ನು ಆ ಮಾತು ಬಿಡಲಿಲ್ಲ. ಇಂತಿಷ್ಟಕ್ಕಿಂತ ಕಡಿಮೆ ಶಕ್ತಿಯದನ್ನು ವಾಹನವೆಂದು ತಿಳಿಯತಕ್ಕದ್ದಲ್ಲ ಎಂದು ಕಾಯ್ದೆ ಒಂದು ಸ್ಕೂಟರಿಗೆ ಹೇಳಿತ್ತು. ನಮ್ಮ ಮನೆಯ ಈ ಕೆಲಸಕ್ಕೆ ಯಾವ ಪುಸ್ತಕವೂ ಅಷ್ಟನ್ನೂ ಹೇಳಿಲ್ಲ. ನಂಬರಿಲ್ಲ, ನೋಂದಣಿಯಿಲ್ಲ, ನಿವೃತ್ತಿಯಿಲ್ಲ. ಐವತ್ತೆರಡು ವರ್ಷ ಅದರ ಮೇಲೆ ಸವಾರಿ ಮಾಡಿದವನು ನಾನು, ಒಂದು ದಿನವೂ ನನ್ನ ಕಾಗದ ಯಾರೂ ಕೇಳಿರಲಿಲ್ಲ. ಆ ದಿನದ ರೊಟ್ಟಿಗಳನ್ನು ಸುಶೀಲಾ ಸಂಜೆ ಬಂದು ಮಜ್ಜಿಗೆಯಲ್ಲಿ ನೆನೆಹಾಕಿ ತಿಂದಳು, ಅವ್ವ ಹಲ್ಲಿಲ್ಲದ ಕಾರಣ ಕೊಟ್ಟು ಮುಟ್ಟಲಿಲ್ಲ.

ಲೈಸೆನ್ಸನ್ನು ಆಮೇಲೆ ನವೀಕರಿಸಿಕೊಂಡೆ. ಹೊಸ ಕಾರ್ಡು ಬಹಳ ಚೆನ್ನಾಗಿದೆ, ಫೋಟೋ ಕೂಡ ನನ್ನದೇ ಎಂದು ಗುರುತು ಸಿಗುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಅದು ಗೂಟಕ್ಕೆ ನೇತುಹಾಕಿದ ಅಂಗಿಯ ಕಿಸೆಯಲ್ಲೇ ಇರುತ್ತದೆ. ತೆಗೆದು ಯಾರಿಗಾದರೂ ತೋರಿಸೋಣವೆಂದರೆ, ಆ ಹೊತ್ತಿಗೆ ನನ್ನ ಎರಡೂ ಕೈಗೆ ಹಿಟ್ಟು ಮೆತ್ತಿರುತ್ತದೆ.